ಚಿತ್ರಕಾರನ ಹೆಂಡತಿ ಆಡಿದ ಮಾತು

ಮನೆಯಿಂದ,
ತಾ. ೧೪, ಭಾನುವಾರ

ಪ್ರೀತಿಯ ಪಿಟೀಲಿಗೆ,

ಅಪ್ಪನ ಆಶೀರ್ವಾದ. ಇಲ್ಲಿ ನಾನು ಕ್ಷೇಮ, ಎಡ ಮಂಡಿಯೂ ಕ್ಷೇಮ, ಬಲ ಮಂಡಿ ಮಾತ್ರ ವಿರೋಧ ಪಕ್ಷ ಸೇರಿದೆ. ಈ ವಯಸ್ಸಿನಲ್ಲೂ ಪಿಟೀಲು ಅಂದರೆ ನೀನು ಮುಖ ಊದಿಸಿಕೊಳ್ಳುತ್ತೀಯ ಎಂದು ಗೊತ್ತು. ಏನು ಮಾಡಲಿ, ಹುಟ್ಟಿದ ಮೊದಲ ವರ್ಷ ನೀನು ಹೊರಡಿಸಿದ ಸದ್ದು ಕೇಳಿದವರು ಯಾರೂ ಬೇರೆ ಹೆಸರು ಸೂಚಿಸಲಿಲ್ಲ.

ಕಾಗದ ತಡವಾಯಿತು, ಬೈಯಬೇಡ. ನೀನು ಬರೆದ ಪುಸ್ತಕ ಬಂದು ತಿಂಗಳುಗಳೇ ಆದವು. 'ತಲುಪಿತು, ಮುಖಪುಟ ಚೆನ್ನಾಗಿದೆ' ಎಂದು ಫೋನಿನಲ್ಲಿ ಹೇಳಿ ಸುಮ್ಮನಾದೆ. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ. ಆ ಕಡೆಯಿಂದ ನೀನು 'ಹ್ಞೂಂ, ಮತ್ತೆ?' ಅಂದ ಕೂಡಲೇ ಹೇಳಬೇಕೆಂದುಕೊಂಡಿದ್ದೆಲ್ಲ ಗಂಟಲಿನಿಂದ ಹೊಟ್ಟೆಗೆ ಇಳಿದುಬಿಡುತ್ತದೆ. ಕಾಗದವಾದರೆ 'ಮತ್ತೆ' ಅನ್ನುವುದಿಲ್ಲ, ಕಾಯುತ್ತದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಿನ್ನ ಪುಸ್ತಕದ ಆ ಚಿತ್ರಕಾರನ ಹೆಂಡತಿಯ ಬಗ್ಗೆ ನಿನ್ನನ್ನು ಒಂದು ಪ್ರಶ್ನೆ ಕೇಳಬೇಕಾಗಿದೆ. ಅವಳಲ್ಲಿ ನಿನ್ನಮ್ಮ ಎಷ್ಟು, ನೀನು ಕಟ್ಟಿದ್ದು ಎಷ್ಟು ಎಂದು. ಧೈರ್ಯ ಬಂದರೆ ಈ ಕಾಗದದಲ್ಲೇ ಕೇಳುತ್ತೇನೆ. ಬಾರದಿದ್ದರೆ ಇದನ್ನು ಪುಸ್ತಕ ಚೆನ್ನಾಗಿದೆ ಎಂಬ ಕಾಗದವೆಂದೇ ತಿಳಿ.

ನೀನು ಪುಸ್ತಕದೊಳಗೆ ಚೀಟಿ ಇಟ್ಟಿದ್ದೆ. 'ಅಪ್ಪಾ, ಇಂಗ್ಲಿಷಿನಲ್ಲಿದೆ, ಓದುವ ಕಷ್ಟ ತೆಗೆದುಕೊಳ್ಳಬೇಡಿ. ಷೋಕೇಸಿನಲ್ಲಿಡಿ, ಬಂದವರಿಗೆ ತೋರಿಸಿ.' ಷೋಕೇಸಿನಲ್ಲಿಟ್ಟೆ. ಬಂದವರಿಗೆ ತೋರಿಸಿದೆ. ಬಂದವರು ಎಂದರೆ ಕರೆಂಟ್ ಮೀಟರ್ ನೋಡುವವನು ಮತ್ತು ನಿನ್ನ ಚಿಕ್ಕಮ್ಮ. ಆಮೇಲೆ ಒಂದು ದಿನ ಧೂಳು ಒರೆಸಲೆಂದು ತೆಗೆದವನು ಮೊದಲ ಪುಟ ಓದಿದೆ. ಅರ್ಥವಾಯಿತು. ನನಗೇ ಆಶ್ಚರ್ಯವಾಯಿತು. ಎರಡನೆಯದು ಓದಿದೆ, ಅರ್ಧ ಅರ್ಥವಾಯಿತು. ಅರ್ಧ ಸಾಕು, ಸಂಸಾರವನ್ನು ಅಷ್ಟರಲ್ಲೇ ಮಾಡಿ ಮುಗಿಸಿದವನು ನಾನು.

ನನ್ನ ಇಂಗ್ಲಿಷಿನ ಬಗ್ಗೆ ನಿನಗಿರುವ ಅಭಿಪ್ರಾಯ ಗೊತ್ತು. ನಿನ್ನ ಶಾಲೆಯಲ್ಲಿ ಹೆಡ್‌ಮಿಸ್ ಎದುರು ನಿಂತು 'ಮೈಸೆಲ್ಫ್ ಈಸ್ ಹರ್ ಫಾದರ್' ಅಂದಿದ್ದಕ್ಕೆ ನೀನೂ ಅಮ್ಮನೂ ವರ್ಷಗಟ್ಟಲೆ ನಕ್ಕಿರಿ. ಆದರೂ ನಾನು ಕಾಲೇಜಿನ ಮೆಟ್ಟಿಲು ಹತ್ತಿದವನು. ಇಂಗ್ಲಿಷಿನಲ್ಲಿ ಜಸ್ಟ್ ಪಾಸು. ಬಾಗಿಲು ಪೂರ್ತಿ ತೆರೆಯಲು ಬಾರದಿದ್ದರೂ ಸಂದಿಯಲ್ಲಿ ನುಸುಳುವಷ್ಟು ಬರುತ್ತದೆ.

ಓದುವ ಜಾಗ ನಮ್ಮ ಫೋಟೋ ಸ್ಟುಡಿಯೋ. ಷಟರ್ ಅರ್ಧ ಎತ್ತಿಟ್ಟು, ಗಿರಾಕಿಗಳನ್ನು ಕೂರಿಸುತ್ತಿದ್ದ ಅದೇ ತಿರುಗುವ ಸ್ಟೂಲಿನ ಮೇಲೆ, ಕೊಳ ಮತ್ತು ಹಂಸದ ಪರದೆಗೆ ಬೆನ್ನು ಹಾಕಿ ಕೂರುತ್ತೇನೆ. ಪಕ್ಕದಲ್ಲಿ ಕಾಲೇಜಿನ ಕಾಲದ ಡಿಕ್ಷನರಿ. ಅದರ ಮೊದಲ ಮೂರು ಅಕ್ಷರಗಳನ್ನು ಗೆದ್ದಲು ಓದಿ ಮುಗಿಸಿದೆ. ಹಾಗಾಗಿ ಎ, ಬಿ, ಸಿ ಯಿಂದ ಶುರುವಾಗುವ ಪದ ಬಂದರೆ ಎದುರಿನ ಔಷಧಿ ಅಂಗಡಿಯವನನ್ನು ಕೇಳಬೇಕು. ಅವನು ದಿನವಿಡೀ ಇಂಗ್ಲಿಷ್ ಲೇಬಲ್ ಓದುವವನಲ್ಲವೇ. 'ಆ್ಯಂಟಿಡೋಟ್' ಅಂದರೆ ಥಟ್ಟನೆ ಹೇಳಿದ. 'ಅಡೋರ್' ಅಂದರೆ ಏನಪ್ಪಾ ಅಂದೆ. ಕಪಾಟಿನ ಕಡೆ ತಿರುಗಿ ನೋಡಿ, 'ಅಂಥದ್ದು ನಮ್ಮಲ್ಲಿ ಬರಲ್ಲ ಅಂಕಲ್' ಅಂದ.

ನಿನ್ನ ಚಿಕ್ಕಮ್ಮ ಮಧ್ಯಾಹ್ನದ ಕೆಲಸ ಮುಗಿಸಿ ಬರುತ್ತಾಳೆ. ಅಕ್ಕ ಹೋದ ಮೇಲೆ ಅವಳು ಒಂದು ದಿನವೂ ತಪ್ಪಿಸಿಲ್ಲ. ಮೊದಲೆಲ್ಲ ನಾವಿಬ್ಬರೂ ಎದುರುಬದುರು ಕೂತು ಗೋಡೆ ನೋಡುತ್ತಿದ್ದೆವು. ಈಗ ನಿನ್ನ ಕಥೆ ಇದೆ. ಅಂದಂದು ಓದಿದ್ದನ್ನು ನಮ್ಮ ಮಾತಿಗೆ ತಿರುಗಿಸಿ ಅವಳಿಗೆ ಹೇಳುತ್ತೇನೆ. ಬೇಟೆಯಲ್ಲಿ ಬಲಗಣ್ಣು ಕಳೆದುಕೊಂಡ ರಾಜ, ತನ್ನನ್ನು ಎಡಗಡೆಯಿಂದ ಮಾತ್ರ ಬರೆಯಬೇಕೆಂಬ ಅವನ ಅಪ್ಪಣೆ, ಕಲ್ಲು ಅರೆದು ಬಣ್ಣ ಮಾಡುವ ಚಿತ್ರಕಾರನ ಹೆಂಡತಿ, ಬಾಗಿಲಲ್ಲಿ ಕೂತು ಎಲ್ಲ ನೋಡುವ ಅವರ ಮಗಳು.

'ಆ ರಾಜನಿಗೆ ಬೇರೆ ಕೆಲಸ ಇಲ್ವಾ ಭಾವ?' ಅಂದಳು ಒಂದು ದಿನ. 'ಯಾವಾಗ ನೋಡಿದ್ರೂ ಪಟ ಬರೆಸ್ಕೊಂಡು ಕೂತಿರ್ತಾನೆ.'

'ರಾಜ ಅಂದ್ಮೇಲೆ ಕೂರೋದೇ ಕೆಲಸ ಕಣಮ್ಮ.'

'ನಮ್ಮನೆಯವರೂ ಜೀವಮಾನವೆಲ್ಲ ಅದನ್ನೇ ಮಾಡಿದ್ರು. ಒಂದು ಪಟವೂ ಇಲ್ಲ.'

ನಾನು ನಕ್ಕು ನಕ್ಕು ಸ್ಟೂಲಿನಿಂದ ಬೀಳುವುದರಲ್ಲಿದ್ದೆ. ಈ ಮನೆಯಲ್ಲಿ ನಗು ಕೇಳಿ ಬಹಳ ಕಾಲವಾಗಿತ್ತು. ಅದನ್ನು ಕೊಟ್ಟವಳು ನೀನು. ಮುಂದೆ ನಾನೇನೇ ಬರೆದರೂ ಇದನ್ನು ಮರೆಯಬೇಡ.

ಚಿತ್ರಕಾರನ ಹೆಂಡತಿ ಕುಂಚವನ್ನು ತುಟಿಯಲ್ಲಿಟ್ಟು ಚೂಪು ಮಾಡುತ್ತಾಳೆ ಎಂದು ಬರೆದಿದ್ದೀಯಲ್ಲ, ಅಲ್ಲಿ ನಾನು ಪುಸ್ತಕ ಮುಚ್ಚಿ ಒಳಗೆ ಹೋಗಿ ನೀರು ಕುಡಿದು ಬಂದೆ. ನಿನ್ನಮ್ಮ ಟಚಿಂಗ್ ಮಾಡಲು ಕೂತಾಗ ಹಾಗೆಯೇ ಮಾಡುತ್ತಿದ್ದಳು. ಡಾರ್ಕ್ ರೂಮಿನಲ್ಲಿ ತೊಳೆದು, ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸಿದ ಪ್ರಿಂಟುಗಳನ್ನು ಕಿಟಕಿ ಬಳಿ ಹರವಿಕೊಂಡು, ಮೂರು ಕೂದಲಿನ ಕುಂಚದಿಂದ ಊರಿನವರ ಮೊಡವೆ, ಸಿಡುಬಿನ ಕಲೆ, ಕಣ್ಣ ಕೆಳಗಿನ ಕಪ್ಪು ಎಲ್ಲ ಅಳಿಸುತ್ತಿದ್ದಳು. ನನ್ನದು ಬರೀ ಬಟನ್ ಒತ್ತುವ ಕೆಲಸ. ಚಿತ್ರಕಾರ ಹೆಂಡತಿಯ ಕೈಕೆಲಸವನ್ನು ರಾಜನಿಂದ ಬಚ್ಚಿಡುತ್ತಾನೆ ಎಂದು ಬರೆದಿದ್ದೀಯ. ನಾನು ಬಚ್ಚಿಟ್ಟವನಲ್ಲ ಮಗಳೇ. 'ಎಷ್ಟು ಚೆನ್ನಾಗಿ ಬಂದಿದೆ' ಎಂದು ಹೇಳಿದ ಗಿರಾಕಿಗಳಿಗೆಲ್ಲ 'ಅದು ಒಳಗಿನವರ ಕೈ' ಎಂದೇ ಹೇಳುತ್ತಿದ್ದೆ. ಒಳಗಿನಿಂದ ಅವಳು 'ಹೊಗಳಿಕೆಯಿಂದ ಒಲೆ ಉರಿಯಲ್ಲ, ಬಾಕಿ ಇಸ್ಕೊಳ್ಳಿ' ಅನ್ನುತ್ತಿದ್ದಳು.

ಆ ಮಾತನ್ನೂ ನೀನು ಬಿಟ್ಟಿಲ್ಲ. ಅರಮನೆಯ ದಿವಾನನಿಗೆ ಚಿತ್ರಕಾರನ ಹೆಂಡತಿ ಅದನ್ನೇ ಇಂಗ್ಲಿಷಿನಲ್ಲಿ ಹೇಳುತ್ತಾಳೆ. ನಿನ್ನಮ್ಮನಿಗೆ ಇಂಗ್ಲಿಷಿನಲ್ಲಿ ಬರುತ್ತಿದ್ದದ್ದು 'ಸ್ಮೈಲ್ ಪ್ಲೀಸ್' ಒಂದೇ. ಅವಳು ಒಂದು ಅರಮನೆಯಲ್ಲಿ ನಿಂತು ಅಷ್ಟು ಸೊಗಸಾಗಿ ಇಂಗ್ಲಿಷ್ ಮಾತಾಡಿದ್ದನ್ನು ಓದಿ ನನಗೆ ಹೆಮ್ಮೆಯಾಯಿತು, ನಿಜವಾಗಿ. ಕೂಗಿ ಕರೆದು ತೋರಿಸಬೇಕು ಅನ್ನಿಸಿತು. ಕೂಗಲೆಂದು ಬಾಯಿಯನ್ನೂ ತೆರೆದಿದ್ದೆ.

ಊಟಕ್ಕೆ ಏಳಬೇಕು. ಉಳಿದದ್ದು ಆಮೇಲೆ.

ಮಂಗಳವಾರ

ಊಟ ಮಾಡಿ ಬರುತ್ತೇನೆಂದವನು ಎರಡು ದಿನ ಬಿಟ್ಟು ಕೂತಿದ್ದೇನೆ. ಭಾನುವಾರ ಎದ್ದಿದ್ದು ಊಟಕ್ಕಲ್ಲ, ಮುಂದಿನದನ್ನು ಬರೆಯಲು ಕೈ ಬರಲಿಲ್ಲ.

ಹನ್ನೊಂದನೆಯ ಅಧ್ಯಾಯ. ಬಣ್ಣಕ್ಕೆ ಅರೆಯುವ ಹಳದಿ ಕಲ್ಲಿನಲ್ಲಿ ವಿಷವಿತ್ತು, ಅದು ವರ್ಷಾನುಗಟ್ಟಲೆ ಕುಂಚದ ಜೊತೆ ತುಟಿಗೆ ಹೋಗಿ ಚಿತ್ರಕಾರನ ಹೆಂಡತಿ ಹಾಸಿಗೆ ಹಿಡಿದಿದ್ದಾಳೆ. ನಿನ್ನಮ್ಮನ ಕಾಯಿಲೆ ಅದಲ್ಲ. ಸ್ಟುಡಿಯೋದಲ್ಲಿ ಫೋಟೋ ತೊಳೆಯುವ ಔಷಧಿಗಳಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ನಮ್ಮಿಬ್ಬರಿಗೂ ಹೇಳಿದ್ದರು. ಆ ಭಾಗ ಕಥೆ, ಒಪ್ಪಿದೆ. ಆದರೆ ಅದರ ಮುಂದೆ. ಚಿತ್ರಕಾರ ಹಾಸಿಗೆಯ ಪಕ್ಕ ಕೂತು ಅವಳ ಕೈ ಹಿಡಿದು ಅಳುತ್ತಾನೆ, ಹಣೆ ಒರೆಸುತ್ತಾನೆ, ಮತ್ತೆ ಅಳುತ್ತಾನೆ. ಅವಳು ಕಣ್ಣು ಮುಚ್ಚಿ ಮಲಗಿರುತ್ತಾಳೆ. ಅವನು ನೀರು ತರಲು ಎದ್ದಾಗ ಕಣ್ಣು ಬಿಟ್ಟು ಮಗಳಿಗೆ ಮೆಲ್ಲಗೆ ಹೇಳುತ್ತಾಳೆ, ಇವನನ್ನು ಆಚೆ ಕಳಿಸು ಎಂದು. ಯಾಕೆ ಎಂಬುದನ್ನೂ ಹೇಳುತ್ತಾಳೆ. ಮಗಳು ಅಪ್ಪನಿಗೆ, ಅಮ್ಮ ನಿದ್ದೆ ಹೋದಳು, ನೀವು ಅರಮನೆಗೆ ಹೋಗಿ ಬನ್ನಿ ಅನ್ನುತ್ತಾಳೆ. ಅವನು ನಂಬಿ ಹೋಗುತ್ತಾನೆ. ಮೆಟ್ಟಿಲ ಮೇಲೆ ಅವನ ಪಾದರಕ್ಷೆಯ ಸದ್ದು ಪೂರ್ತಿ ಇಳಿದುಹೋಗುವವರೆಗೆ ಕಾದು, ಅವಳು ಕಿಟಕಿ ತೆರೆಸುತ್ತಾಳೆ.

ಇದನ್ನು ಡಿಕ್ಷನರಿ ಇಲ್ಲದೆ ಓದಿದೆ. ಎಲ್ಲ ಸಣ್ಣ ಸಣ್ಣ ಪದಗಳು. ಇಷ್ಟು ಸುಲಭವಾದ ಇಂಗ್ಲಿಷನ್ನು ನೀನು ಇಡೀ ಪುಸ್ತಕದಲ್ಲಿ ಬೇರೆಲ್ಲೂ ಬರೆದಿಲ್ಲ.

ಅವತ್ತು ಮಧ್ಯಾಹ್ನ ನಿನ್ನ ಚಿಕ್ಕಮ್ಮ ಬಂದು ಕೂತು, 'ಹ್ಞಾಂ, ಏನಾಯ್ತು ಆಯಮ್ಮಂಗೆ?' ಅಂದಳು. ನಾನು ಕಥೆ ಬದಲಾಯಿಸಿಬಿಟ್ಟೆ. ಹೇಗೆ ಬಂತೋ ಗೊತ್ತಿಲ್ಲ, ಬಾಯಿಗೆ ಬಂತು. ಚಿತ್ರಕಾರ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ, ಅವಳು ಅವನ ಮುಖವನ್ನೇ ನೋಡುತ್ತ ಒಂದು ಸಲ ನಕ್ಕಳು, ಹಾಗೆಯೇ ಹೋದಳು ಎಂದೆ. ಚೆನ್ನಾಗಿಯೇ ಹೇಳಿದೆ ಅಂದುಕೊಂಡೆ. ಅವಳು ಅಳುತ್ತಾಳೆ ಎಂದು ನೋಡಿದರೆ ಸುಮ್ಮನೆ ಸೆರಗಿನ ಅಂಚು ಸುತ್ತುತ್ತ ಕೂತಿದ್ದಳು.

'ಯಾಕಮ್ಮ?'

'ಸರಿ ಬರ್ಲಿಲ್ಲ ಭಾವ.'

'ಏನು ಸರಿ ಬರ್ಲಿಲ್ಲ?'

'ಸಾಯೋದು. ಇಷ್ಟು ದಿನ ಆ ಹೆಂಗಸಿನ ವಿಷಯ ನೀವು ಹೇಳ್ಕೊಂಡು ಬಂದ್ರಲ್ಲ, ಅವಳು ಹೀಗೆ ಸಾಯೋಳಲ್ಲ. ಇವನು ಪಕ್ಕದಲ್ಲಿ ಗೊಳೋ ಅಂತ ಕೂತಿದ್ರೆ ಅವಳು ಸಾಯೋದನ್ನ ಮುಂದಕ್ಕೆ ಹಾಕಿ, ಎದ್ದು ಇವನ ಕಣ್ಣು ಒರೆಸ್ತಾ ಇದ್ಲು. ಮೊದಲು ಇವನನ್ನ ಎಲ್ಲಾದ್ರೂ ಸಾಗಹಾಕ್ಬೇಕು, ಆಮೇಲೆ ಸಾಯ್ಬೇಕು. ಹಾಗಿರೋಳು ಅವಳು.'

ನಾನು ಪುಸ್ತಕ ಮುಚ್ಚಿ ಡಿಕ್ಷನರಿಯ ಕೆಳಗಿಟ್ಟೆ.

'ಮಗು ಅಲ್ಲೊಂದು ಕಡೆ ಎಡವಿದ್ದಾಳೆ ಬಿಡಿ,' ಅಂದಳು. 'ಚಿಕ್ಕೋಳು, ಅವಳಿಗೇನು ಗೊತ್ತು ಗಂಡ ಹೆಂಡ್ತಿ ವಿಷಯ. ನಮ್ಮ ಭಾಷೇಲಿ ಬರಲಿ, ನಾನೇ ಕೂತು ಓದ್ತೀನಿ.'

ನೋಡು, ಎಡವಿದ್ದು ನಾನು, ಹೆಸರು ಕೆಟ್ಟಿದ್ದು ನಿನ್ನದು. 'ಇಲ್ಲಮ್ಮ, ಅವಳು ಎಡವಿಲ್ಲ, ನೀನು ಹೇಳಿದ ಹಾಗೆಯೇ ಬರೆದಿದ್ದಾಳೆ' ಎಂದು ಚಿಕ್ಕಮ್ಮನಿಗೆ ಒಂದು ಮಾತು ನಿನ್ನ ಪರವಾಗಿ ಆಡಲು ನನ್ನಿಂದಾಗಲಿಲ್ಲ. ಅವಳ ತಟ್ಟೆ ಲೋಟ ತೊಳೆದಿಟ್ಟು, ಷಟರ್ ಎತ್ತಿ ಕಳಿಸಿಕೊಟ್ಟೆ.

ನಮ್ಮ ಭಾಷೆಯಲ್ಲಿ ಪುಸ್ತಕ ಬರುವುದು ಇನ್ನೇನು ದೂರವಿಲ್ಲ ಎಂದು ನನಗೂ ಗೊತ್ತಾಗಿದೆ. ನಿನ್ನ ಪುಸ್ತಕವನ್ನು ಕನ್ನಡಕ್ಕೆ ಅನುವಾದ ಮಾಡುತ್ತಿರುವ ಹುಡುಗಿ ನಿನ್ನೆ ಫೋನ್ ಮಾಡಿದ್ದಳು. ಒಳ್ಳೆಯ ಮಗು, ಮಾತಿಗೊಂದು 'ಅಂಕಲ್' ಸೇರಿಸುತ್ತಾಳೆ. 'ಅಂಕಲ್, ಚಿತ್ರಕಾರನ ಹೆಂಡ್ತಿ ಮಾತು ನಿಮ್ಮನೆ ಮಾತಿನ ಥರ ಬರ್ಬೇಕು, ಎಲ್ಲಾದ್ರೂ ತೊಡಕಾದ್ರೆ ಅಪ್ಪನ್ನ ಕೇಳು ಅಂತ ಮೇಡಮ್ ಹೇಳಿದ್ರು ಅಂಕಲ್. ಮಿಕ್ಕಿದ್ದೆಲ್ಲ ಆಗೋಯ್ತು. ಒಂದೇ ಒಂದು ವಾಕ್ಯ ಅಂಕಲ್. ಹನ್ನೊಂದನೇ ಅಧ್ಯಾಯದಲ್ಲಿ.'

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಅಪ್ಪನನ್ನು ಕೇಳು ಎಂದಾಗ ನಿನ್ನ ಮನಸ್ಸಿನಲ್ಲಿದ್ದದ್ದು ಒಲೆಯ ಮಾತು, ಬೈಗುಳದ ಮಾತು ಇರಬೇಕು. ಈ ವಾಕ್ಯ ನನ್ನ ಹತ್ತಿರ ಬರುತ್ತದೆ ಎಂದು ನೀನು ಎಣಿಸಿರಲಾರೆ. ನಾನು ಪುಸ್ತಕ ಓದಿರುತ್ತೇನೆ ಎಂದೇ ಎಣಿಸದವಳು ಇದನ್ನು ಹೇಗೆ ಎಣಿಸುತ್ತೀಯ.

ಅವಳು ಇಂಗ್ಲಿಷಿನಲ್ಲಿ ಓದಿ ಹೇಳಿದಳು. ನಾನು ಕೇಳಿಸದವನ ಹಾಗೆ ಎರಡು ಸಲ ಓದಿಸಿದೆ. ಆಮೇಲೆ, 'ಅವರನ್ನು ಇಲ್ಲಿಂದ ಕಳುಹಿಸು. ಅವರಿದ್ದಲ್ಲಿ ಅವರ ಆರೈಕೆಯನ್ನು ನಾನೇ ಮಾಡಬೇಕಾಗುವುದು. ಈ ದಿನವೊಂದನ್ನು ನನಗಾಗಿ ಬಿಡು' ಎಂದೆ.

'ಅಂಕಲ್, ಬೇಜಾರು ಮಾಡ್ಕೋಬೇಡಿ, ಇದು ರೈಲ್ವೆ ಸ್ಟೇಷನ್ ಅನೌನ್ಸ್‌ಮೆಂಟ್ ಥರ ಇದೆ,' ಅಂದಳು. 'ಆಂಟಿ ಆಗಿದ್ರೆ ಹೇಗೆ ಹೇಳ್ತಿದ್ರು? ಹಾಗೇ ಹೇಳಿ ಅಂಕಲ್, ನಾನು ಬರ್ಕೋತೀನಿ.'

ಆಂಟಿ ಆಗಿದ್ದರೆ ಹೇಗೆ ಹೇಳುತ್ತಿದ್ದರು. ಫೋನ್ ಹಿಡಿದುಕೊಂಡು ಕಿಟಕಿ ಬಳಿ ಹೋದೆ. ಅಲ್ಲಿ ನಿಂತರೆ ಅವಳ ಮಾತು ಬೇಗ ಬರುತ್ತದೆ.

'ಇವರನ್ನ ಸ್ವಲ್ಪ ಆಚೆ ಕಳಿಸೇ. ಇಲ್ಲಿದ್ರೆ ಇವರನ್ನೂ ನಾನೇ ನೋಡ್ಕೋಬೇಕು. ಇವತ್ತೊಂದಿನ ನನ್ನನ್ನ ನನ್ನ ಪಾಡಿಗೆ ಬಿಡ್ರಮ್ಮ.'

ಆ ಕಡೆ ಟೈಪ್ ಮಾಡುವ ಸದ್ದು ಕೇಳಿಸಿತು. 'ಅಂಕಲ್,' ಅಂದಳು, 'ನನಗೆ ಮೈ ಜುಂ ಅಂತು. ಹೇಗೆ ಹೊಳೀತು ನಿಮಗೆ?'

'ಮನೇಲಿ ಹೀಗೇ ಮಾತಾಡೋದು ಕಣಮ್ಮ,' ಅಂದೆ. ಥ್ಯಾಂಕ್ಸ್ ಹೇಳಿದಳು. ನಾನು ಇಂಗ್ಲಿಷಿನಲ್ಲೇ 'ಮೆನ್ಷನ್ ನಾಟ್' ಅಂದೆ.

ಕಾಲೇಜಿನ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಖಾಯಂ ಬರುತ್ತಿತ್ತು. ಪಾಠದ ಒಂದು ಸಾಲು ಕೊಟ್ಟು, ಇದನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು ಎಂದು ಬರೆಯಬೇಕು. ನಾನು ಅದರಲ್ಲಿ ಮಾತ್ರ ಪೂರ್ತಿ ಅಂಕ ತೆಗೆಯುತ್ತಿದ್ದೆ. ಈಗ ಈ ಸಾಲಿಗೆ ಏನು ಬರೆಯಲಿ. ಫೋಟೋ ಆಗಿದ್ದರೆ ನೆಗೆಟಿವ್ ತರಿಸಿ ಬೆಳಕಿಗೆ ಹಿಡಿದು, ಇಷ್ಟು ನಿಜವಾದ ಮುಖ, ಇಷ್ಟು ಟಚಿಂಗ್ ಎಂದು ಹೇಳಿಬಿಡುತ್ತಿದ್ದೆ. ಪುಸ್ತಕಕ್ಕೆ ನೆಗೆಟಿವ್ ಇರುವುದಿಲ್ಲವಂತೆ. ನೀನು ಇಂಗ್ಲಿಷಿನಲ್ಲಿ ಬರೆದದ್ದು ಇಂಗ್ಲಿಷಿನಲ್ಲೇ ಇದ್ದಿದ್ದರೆ ಅದು ಯಾವುದೋ ಅರಮನೆಯ ಹೆಂಗಸಿನ ಮಾತು ಎಂದು ಹೇಗೋ ನನ್ನನ್ನು ನಾನು ಒಪ್ಪಿಸಿಕೊಳ್ಳುತ್ತಿದ್ದೆನೇನೋ. ಈಗ ಅದು ನಿನ್ನಮ್ಮನ ದನಿಯಲ್ಲಿಯೇ ಕಿವಿಯಲ್ಲಿದೆ. ಅವಳಿಂದ ಅದನ್ನು ಆಡಿಸಿದವನು ನಾನೇ. ಅವಳು ನಿಜವಾಗಿ ಹಾಗೆ ಅಂದಿರದಿದ್ದರೆ, ಈಗ ಅಂದಂತಾಯಿತು.

ಆ ಸಾಲು ತೆಗೆದುಬಿಡು ಎಂದು ಬರೆಯಲು ಹೊರಟೆ. ಆ ಹಾಳೆಯನ್ನು ಹರಿದೆ. ಅದು ನಿನ್ನಮ್ಮನ ಕೊನೆಯ ಮಾತಾಗಿದ್ದರೆ ತೆಗೆ ಅನ್ನಲು ನಾನು ಯಾರು. ಅವಳ ಮಾತಲ್ಲ, ನೀನು ಕಟ್ಟಿದ್ದು ಎಂದಾದರೆ, ನಿನ್ನ ಅಪ್ಪ ಅಂಥ ಹೊತ್ತಿನಲ್ಲಿ ಪಕ್ಕದಲ್ಲಿರಲು ಆಗದ ಮನುಷ್ಯ ಎಂದು ಅಂದುಕೊಂಡವಳು ನೀನು. ಎರಡರಲ್ಲಿ ಯಾವುದು ವಾಸಿ ಎಂದು ಯೋಚಿಸುತ್ತಿದ್ದೇನೆ. ಒಂದೊಂದು ದಿನ ಒಂದೊಂದು ಅನ್ನಿಸುತ್ತದೆ. ಎರಡೂ ಅಲ್ಲದ ಮೂರನೆಯದು ಇದ್ದರೆ ನೀನೇ ತಿಳಿದವಳು, ಹೇಳು.

ನಿನ್ನ ಪುಸ್ತಕ ಒಂದಕ್ಷರ ಬಿಡದೆ ನಮ್ಮ ಭಾಷೆಗೆ ಬರಲಿ. ಚಿಕ್ಕಮ್ಮ ಓದಲಿ, ಬೀದಿಯವರು ಓದಲಿ, ಔಷಧಿ ಅಂಗಡಿಯವನೂ ಓದಲಿ. ನಿನ್ನಮ್ಮನ ಹಾಗೆ ನಿನ್ನ ಕೈಗೂ ಸೂಕ್ಷ್ಮ ಬಂದಿದೆ, ಅದು ಕೊನೆಯವರೆಗೆ ನಡುಗದಿರಲಿ. ಬರೆಯುವಾಗ ಬೆನ್ನು ನೇರವಾಗಿಟ್ಟುಕೊಂಡು ಕೂತುಕೋ. ಹೊತ್ತಿಗೆ ಸರಿಯಾಗಿ ಉಣ್ಣು. ನೂರು ವರ್ಷ ಬಾಳು, ನೂರು ಪುಸ್ತಕ ಬೇಡ, ಕಣ್ಣು ಹಾಳಾಗುತ್ತದೆ, ಹತ್ತು ಸಾಕು.

ಇಂತು,
ನಿನ್ನ ಅಪ್ಪ

ತಾ.ಕ.: ಕವರಿಗೆ ಅಂಟು ಹಚ್ಚಿ ಮತ್ತೆ ಬಿಡಿಸಿದ್ದೇನೆ, ಅದಕ್ಕೇ ಅಂಚು ಹೀಗಾಗಿದೆ. ಆಸ್ಪತ್ರೆಯಲ್ಲಿ ಆ ಬೆಳಿಗ್ಗೆ ನಾನು ಫ್ಲಾಸ್ಕಿಗೆ ಬಿಸಿನೀರು ತುಂಬಿಸಿಕೊಂಡು ಬಂದಾಗ ನೀನು ವಾರ್ಡಿನ ಬಾಗಿಲಿಗೇ ಬಂದು, 'ಅಮ್ಮಂಗೆ ಈಗ ತಾನೇ ನಿದ್ದೆ ಹತ್ತಿದೆ, ನೀವು ಮನೆಗೆ ಹೋಗಿ ಸ್ನಾನ ಮಾಡಿ ಬನ್ನಿ ಅಪ್ಪಾ' ಅಂದೆ. ನಾನು ಹೋದೆ. ಸ್ನಾನ ಮಾಡಿದೆ. ಗಡ್ಡ ಬೆಳೆದಿದ್ದರೆ ಅವಳಿಗೆ ಆಗುವುದಿಲ್ಲವೆಂದು ಅದನ್ನೂ ತೆಗೆದು, ಇಸ್ತ್ರಿಯ ಶರ್ಟು ಹಾಕಿಕೊಂಡು ಬಂದೆ. ಅಷ್ಟರಲ್ಲಿ ಮುಗಿದಿತ್ತು. ನಿದ್ದೆಯಲ್ಲೇ ಹೋದಳು ಅಂದೆ ನೀನು. ಇಷ್ಟು ವರ್ಷ ಅದೊಂದನ್ನು ಹಿಡಿದುಕೊಂಡು ನಾನು ರಾತ್ರಿ ಮಲಗಿದ್ದೇನೆ. ಹೊರಡುವ ಮೊದಲು ನಾನು ಬಾಗಿಲಿನಿಂದಲೇ ಇಣುಕಿ ನೋಡಿದ್ದೆ, ಎಬ್ಬಿಸಬಾರದೆಂದು ಹತ್ತಿರ ಹೋಗಲಿಲ್ಲ. ಕಣ್ಣು ಮುಚ್ಚಿತ್ತು. ಬೇರೇನೂ ಕೇಳುವುದಿಲ್ಲ ಮಗಳೇ. ಅವಳಿಗೆ ನಿಜವಾಗಿ ನಿದ್ದೆ ಬಂದಿತ್ತೆ? ಬಂದಿತ್ತು ಎಂದು ಬರೆ, ನಂಬುತ್ತೇನೆ.